ಹಳೆಯ ಲಾರಿಯ ಇಗ್ನಿಷನ್ ವೈರಿಂಗ್: ದೋಷವನ್ನು ಹಂತಹಂತವಾಗಿ ಹುಡುಕುವ ಕ್ರಮ

ಹಳೆಯ ಲಾರಿ ಇಟ್ಟುಕೊಂಡಿರುವ ಓದುಗರು ಪದೇಪದೇ ಕೇಳುವ ಪ್ರಶ್ನೆ ಒಂದೇ. ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುವುದಿಲ್ಲ, ಹೊಸ ಬ್ಯಾಟರಿ ಹಾಕಿಸಿದೆವು, ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬದಲಾಯಿಸಿದೆವು, ಆದರೂ ಕೆಲವು ದಿನಗಳಲ್ಲಿ ಮತ್ತೆ ಅದೇ ತೊಂದರೆ, ಇನ್ನೇನು ಮಾಡಬೇಕು? ಹೀಗೆ ಕೇಳುವವರಲ್ಲಿ ಹೆಚ್ಚಿನವರು ಬಿಡಿಭಾಗಗಳಿಗೆ ಸಾಕಷ್ಟು ಹಣ ಸುರಿದಿರುತ್ತಾರೆ, ಆದರೆ ಬ್ಯಾಟರಿಯಿಂದ ಸೆಲ್ಫ್ ಮೋಟಾರಿನವರೆಗಿನ ದಾರಿಯಲ್ಲಿ ವಿದ್ಯುತ್ತು ಎಲ್ಲಿ ಸೋರುತ್ತಿದೆ ಅಥವಾ ಎಲ್ಲಿ ತಡೆಯುತ್ತಿದೆ ಎಂದು ಯಾರೂ ಅಳೆದು ನೋಡಿರುವುದಿಲ್ಲ. ಈ ಲೇಖನ ಆ ಅಳತೆಯ ಕ್ರಮವನ್ನು ವಿವರಿಸುತ್ತದೆ.

ಮೊದಲು ಒಂದು ಸ್ಪಷ್ಟನೆ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹೊತ್ತಿಸುವ ಪ್ಲಗ್ ಆಗಲಿ, ಕಾಯಿಲ್ ಆಗಲಿ ಇರುವುದಿಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಡೀಸೆಲ್ ಲಾರಿಯಲ್ಲಿ ‘ಇಗ್ನಿಷನ್ ವೈರಿಂಗ್’ ಎಂದರೆ ಕೀಲಿಯ ಸ್ವಿಚ್ಚಿಗೆ ಬರುವ ಮತ್ತು ಅಲ್ಲಿಂದ ಹೊರಡುವ ತಂತಿಗಳ ಜಾಲ ಎಂದೇ ಅರ್ಥ. ಅದರಲ್ಲಿ ಮುಖ್ಯವಾದ ಲೈನುಗಳು ಮೂರು. ಬ್ಯಾಟರಿಯ ಪಾಸಿಟಿವ್‌ನಿಂದ ಸ್ವಿಚ್ಚಿಗೆ ಸದಾ ಬರುವ ಲೈನಿಗೆ 30 ಎಂದೂ, ಕೀಲಿಯನ್ನು ‘ಆನ್’ಗೆ ತಿರುಗಿಸಿದಾಗ ಜೀವ ಬರುವ ಲೈನಿಗೆ 15 ಎಂದೂ, ಸೆಲ್ಫ್ ಹೊಡೆಯುವಾಗ ಮಾತ್ರ ಜೀವ ಬರುವ ಲೈನಿಗೆ 50 ಎಂದೂ ಹೆಸರು. ಅರ್ತ್, ಅಂದರೆ ಗಾಡಿಯ ಲೋಹದ ಮೈಯ ಮೂಲಕ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ಅದರ ಸಂಖ್ಯೆ 31. ಇವು ಜರ್ಮನಿಯ ಡಿಐಎನ್ 72552 ಮಾನದಂಡದ ಸಂಖ್ಯೆಗಳು. 1954ರಲ್ಲಿ ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಕಂಪನಿಯು ಡೈಮ್ಲರ್-ಬೆಂಝ್ ಜೊತೆಗಿನ ಒಪ್ಪಂದದ ಮೇಲೆ ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಟಾಟಾ ಲಾರಿಯ ಸ್ವಿಚ್ಚಿನ ಹಿಂಬದಿಯಲ್ಲಿ, ಸೆಲ್ಫ್ ಮೋಟಾರಿನ ಮೇಲೆ ಈ ಸಂಖ್ಯೆಗಳು ಕಂಡರೆ ಅದು ಆ ಜರ್ಮನ್ ಪರಂಪರೆಯ ಗುರುತು. ಸಂಖ್ಯೆ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಸಂಖ್ಯೆಯನ್ನು ನಂಬಿ, ಬಣ್ಣವನ್ನು ನಂಬಬೇಡಿ. ಜರ್ಮನ್ ಪದ್ಧತಿಯಲ್ಲಿ ಕಂದು ತಂತಿ ಅರ್ತ್. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಅದೇ ಕಂದು ತಂತಿ ಬ್ಯಾಟರಿಯಿಂದ ನೇರವಾಗಿ ಬರುವ ಸದಾ ಜೀವಂತ ಲೈನು. ಒಂದು ಪದ್ಧತಿ ಗೊತ್ತಿರುವವರು ಇನ್ನೊಂದು ಪದ್ಧತಿಯ ಗಾಡಿಯಲ್ಲಿ ಕಂದು ತಂತಿಯನ್ನು ಗಾಡಿಯ ಲೋಹದ ಬಾಡಿಗೆ ಮುಟ್ಟಿಸಿದರೆ ಆಗುವುದು ಷಾರ್ಟ್. ಇದರ ಮೇಲೆ, ಹತ್ತಾರು ವರ್ಷ ಓಡಿದ ಲಾರಿಯಲ್ಲಿ ಯಾವ ಊರಿನ ಯಾವ ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಯಾವ ಬಣ್ಣದ ತಂತಿಯನ್ನು ಸೇರಿಸಿದ್ದಾರೋ ಹೇಳಲಾಗದು.

ಇಡೀ ಕೆಲಸದ ಹಿಂದಿರುವ ತತ್ವ ಇದು: ಮೀಟರ್ ಇಟ್ಟಾಗ ಪೂರ್ಣ ವೋಲ್ಟೇಜ್ ತೋರಿಸಿದ ಮಾತ್ರಕ್ಕೆ ತಂತಿ ಸರಿಯಿದೆ ಎನ್ನಲಾಗದು. ಅರ್ಧ ಕಟ್ಟಿಕೊಂಡ ನೀರಿನ ಪೈಪಿನಲ್ಲಿ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿಯಾಗಿಯೇ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ನೀರು ಸಣ್ಣಗೆ ಬರುವುದು ತಿಳಿಯುತ್ತದೆ. ಹಾಗೆಯೇ, ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿರುವ ತಂತಿಯೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಬಹುತೇಕ ಕರೆಂಟನ್ನೇ ಎಳೆಯುವುದಿಲ್ಲ. ಸೆಲ್ಫ್ ಹೊಡೆಯುವಾಗ, ಅಂದರೆ ಲೋಡ್ ಇರುವಾಗ ಅಳೆದರೆ ಮಾತ್ರ ನಿಜಸ್ಥಿತಿ ಹೊರಬರುತ್ತದೆ. ಲೋಡ್ ಇರುವಾಗ ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ವೋಲ್ಟ್ ಕಳೆದುಹೋಗುತ್ತದೆಯೋ ಅದನ್ನು ಇಲ್ಲಿ ‘ವೋಲ್ಟೇಜ್ ಇಳಿತ’ ಎಂದು ಕರೆಯುತ್ತೇನೆ.

ಬೇಕಾಗುವ ಸಾಮಗ್ರಿ

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಆದರೆ ಅದರ ತಂತಿಗಳು ಗಟ್ಟಿಯಾಗಿರಬೇಕು. ಗಾಡಿಯ ವೋಲ್ಟೇಜಿಗೆ ಹೊಂದುವ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಹೋಲ್ಡರಿಗೆ ಹಾಕಿ ಎರಡು ತಂತಿ ಜೋಡಿಸಿದರೆ ಟೆಸ್ಟ್ ಲ್ಯಾಂಪ್ ಸಿದ್ಧ. ಇದು ಸುಮಾರು ಒಂದೆರಡು ಆಂಪಿಯರ್ ಎಳೆಯುವುದರಿಂದ ಮೀಟರಿಗೆ ಕಾಣದ ದುರ್ಬಲ ತಂತಿಯನ್ನು ಮಂದ ಬೆಳಕಿನಿಂದ ತೋರಿಸಿಕೊಡುತ್ತದೆ. ಎರಡು ತುದಿಗೂ ಕ್ಲಿಪ್ ಇರುವ ಉದ್ದನೆಯ ತಂತಿ, ಉಪ್ಪುಕಾಗದ, ವೈರ್ ಬ್ರಷ್, ಲಗ್ (ತಂತಿಯ ತುದಿಗೆ ಹಾಕುವ ಲೋಹದ ತುಂಡು) ಒತ್ತುವ ಕ್ರಿಂಪಿಂಗ್ ಇಕ್ಕಳ, ಬಿಸಿಗೆ ಕುಗ್ಗುವ ಸ್ಲೀವ್, ಪೆಟ್ರೋಲಿಯಂ ಜೆಲ್ಲಿ ಇವು ಜೊತೆಗಿರಲಿ. ಬರೆದುಕೊಳ್ಳಲು ಒಂದು ಪುಸ್ತಕ ಮತ್ತು ಕೀಲಿ ತಿರುಗಿಸಲು ಒಬ್ಬ ಸಹಾಯಕ ಖಂಡಿತ ಬೇಕು.

ಸುರಕ್ಷತೆಯ ಮಾತು

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳ ಹಿಂದೆ ಮುಂದೆ ಅಡೆ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿದೆ ಎಂದು ಸ್ವತಃ ಕೈಯಾರೆ ನೋಡಿಕೊಳ್ಳಿ. ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟಾರಿನ ಎರಡು ಬೋಲ್ಟ್ ಮುಟ್ಟಿಸಿ ಎಂಜಿನ್ ಎಬ್ಬಿಸುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಗೇರಿನಲ್ಲಿರುವ ಲಾರಿ ಹಾಗೆ ಮಾಡಿದ ಕ್ಷಣ ಮುಂದಕ್ಕೆ ನೆಗೆಯುತ್ತದೆ ಮತ್ತು ಕೆಳಗಿರುವವರಿಗೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಯಾವ ಅವಸರವಿದ್ದರೂ ಇದನ್ನು ಮಾಡಬೇಡಿ, ಬೇರೆಯವರಿಂದ ಮಾಡಿಸಬೇಡಿ.

ಉಂಗುರ, ಕೈಗಡಿಯಾರ, ಕಡಗ ತೆಗೆದಿಡಿ; ಬ್ಯಾಟರಿ ಮತ್ತು ಬಾಡಿಯ ನಡುವೆ ಸಿಕ್ಕಿದ ಉಂಗುರ ಕ್ಷಣಾರ್ಧದಲ್ಲಿ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಹತ್ತಿರ ಬೀಡಿ, ಸಿಗರೇಟು, ಕಿಡಿ ಕೂಡದು. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು ಚಾರ್ಜಿಂಗ್ ಪರೀಕ್ಷಿಸುವುದು ಡೈನಮೋ ಕಾಲದ ರೂಢಿ. ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ಒಮ್ಮೆಲೇ ಏರುವ ವೋಲ್ಟೇಜಿಗೆ ಅದರ ಡಯೋಡುಗಳು ಸುಟ್ಟುಹೋಗುತ್ತವೆ.

ಹಂತ 1: ಲಕ್ಷಣವನ್ನು ಸರಿಯಾಗಿ ಗುರುತಿಸಿ

ಹೆಡ್‌ಲೈಟ್ ಹಾಕಿಟ್ಟು ಕೀಲಿ ತಿರುಗಿಸಿ, ಏನಾಗುತ್ತದೆ ಎಂದು ನೋಡಿ, ಕೇಳಿ, ಬರೆದಿಡಿ.

ಕೀಲಿ ‘ಆನ್’ ಮಾಡಿದರೂ ಡ್ಯಾಷ್‌ಬೋರ್ಡಿನಲ್ಲಿ ಯಾವ ದೀಪವೂ ಬರದಿದ್ದರೆ ದೋಷ ಬ್ಯಾಟರಿ, ಕಟ್-ಆಫ್ ಸ್ವಿಚ್ (ಬ್ಯಾಟರಿಯ ಸಂಪರ್ಕವನ್ನೇ ಕಡಿಯುವ ಸ್ವಿಚ್) ಅಥವಾ 30ರ ಲೈನಿನಲ್ಲಿದೆ. ದೀಪಗಳು ಚೆನ್ನಾಗಿ ಬಂದು, ಸೆಲ್ಫ್ ಹೊಡೆಯುವಾಗ ಯಾವ ಸದ್ದೂ ಇಲ್ಲದೆ, ಹೆಡ್‌ಲೈಟ್ ಮಂಕಾಗದೆ ಉಳಿದರೆ 50ರ ಲೈನಿನಲ್ಲಿದೆ. ‘ಟಕಟಕಟಕ’ ಎಂದು ಬಿಡದೆ ಸದ್ದು ಬಂದು ದೀಪಗಳೂ ಅದೇ ತಾಳಕ್ಕೆ ಮಿನುಗಿದರೆ ಬ್ಯಾಟರಿ ಸೋತಿದೆ ಅಥವಾ ದಪ್ಪ ಕೇಬಲಿನ ಕೀಲು ಕೆಟ್ಟಿದೆ. ಅಪರೂಪಕ್ಕೆ ಸೊಲೆನಾಯ್ಡಿನ ಒಳಗಿನ ಸುರುಳಿ ತುಂಡಾಗಿರುವುದೂ ಉಂಟು. ಒಂದೇ ಒಂದು ಗಟ್ಟಿ ‘ಟಕ್’ ಬಂದು ಮೋಟಾರ್ ತಿರುಗದೆ, ದೀಪಗಳೂ ಮಂಕಾಗದಿದ್ದರೆ ಸೊಲೆನಾಯ್ಡಿನ ತಾಮ್ರದ ಸಂಪರ್ಕಗಳು ಸುಟ್ಟಿರುವ ಅಥವಾ ಮೋಟಾರಿನ ಕಾರ್ಬನ್ ಸವೆದಿರುವ ಸಾಧ್ಯತೆ ಹೆಚ್ಚು. ಸೊಲೆನಾಯ್ಡ್ ಎಂದರೆ ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಕುಳಿತ ಸಣ್ಣ ಉರುಳೆ. 50ರ ತಂತಿಯ ಕರೆಂಟು ಬಂದಾಗ ಅದು ಪಿನಿಯನ್ ಗೇರನ್ನು ಮುಂದಕ್ಕೆ ತಳ್ಳಿ, ದಪ್ಪ ಕೇಬಲಿನ ಕರೆಂಟನ್ನು ಮೋಟಾರಿಗೆ ಸೇರಿಸುತ್ತದೆ.

ಎಂಜಿನ್ ಚೆನ್ನಾಗಿ ತಿರುಗಿದರೂ ಹೊತ್ತಿಕೊಳ್ಳದಿದ್ದರೆ ಅಥವಾ ಓಡುತ್ತಾ ಓಡುತ್ತಾ ನಿಂತರೆ ನೇರವಾಗಿ ಏಳನೆಯ ಹಂತಕ್ಕೆ ಹೋಗಬಹುದು.

ಕೀಲಿ ‘ಆಫ್’ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ ಎಂದು ಹಲವರು ಗಾಬರಿಯಾಗುತ್ತಾರೆ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯಲ್ಲಿ ಬಾಷ್ ವಿನ್ಯಾಸದಂತೆ ತಯಾರಾದ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಹಳೆಯ ಸಾಲುಪಂಪುಗಳಲ್ಲಿ ಇಂಧನ ನಿಲ್ಲಿಸಲು ಒಂದು ಲಿವರ್ ಇದ್ದು, ಅದನ್ನು ಡ್ರೈವರ್ ಕೈಯಿಂದ ಎಳೆಯುವ ಸ್ಟಾಪ್ ಕೇಬಲಿಗೆ ಜೋಡಿಸಿರುತ್ತಿದ್ದರು. ಅಂಥ ಗಾಡಿಯಲ್ಲಿ ಕೀಲಿಗೂ ಎಂಜಿನ್ ನಿಲ್ಲುವುದಕ್ಕೂ ಸಂಬಂಧವೇ ಇಲ್ಲ. ಅದು ವೈರಿಂಗ್ ದೋಷವಲ್ಲ, ಕೇಬಲನ್ನು ನೋಡಬೇಕು.

ಹಂತ 2: ಬ್ಯಾಟರಿ

ಗಾಡಿ 12 ವೋಲ್ಟಿನದೋ 24 ವೋಲ್ಟಿನದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಎರಡು ಬ್ಯಾಟರಿ ಇದ್ದ ಮಾತ್ರಕ್ಕೆ 24 ಎಂದಲ್ಲ. ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ಸೇರಿದ್ದರೆ 24. ಪಾಸಿಟಿವ್ ಪಾಸಿಟಿವ್‌ಗೆ ಸೇರಿದ್ದರೆ 12. ಮೀಟರ್ ಇಟ್ಟರೆ ಸಂಶಯ ಉಳಿಯುವುದಿಲ್ಲ. ಈ ಲೇಖನದಲ್ಲಿ ಕೊಟ್ಟಿರುವ ಅಂಕಿಗಳು 12 ವೋಲ್ಟಿನ ಗಾಡಿಗೆ. 24 ವೋಲ್ಟಿನದಾದರೆ ಎರಡರಷ್ಟು ಎಂದು ತೆಗೆದುಕೊಳ್ಳಿ.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಅಳೆದರೆ ಪೂರ್ಣ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ; 12.0ಕ್ಕೆ ಬಂದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ, ಮೊದಲು ಚಾರ್ಜ್ ಮಾಡಿಸಿ. ನಂತರ ಸಹಾಯಕನಿಗೆ ಸೆಲ್ಫ್ ಹೊಡೆಯಲು ಹೇಳಿ, ಆ ಹೊತ್ತಿನಲ್ಲೇ ಬ್ಯಾಟರಿಯ ಮೇಲೆ ಅಳೆಯಿರಿ. ಸುಮಾರು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ, ಅಥವಾ ಮೋಟಾರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆ. ಎಂಜಿನ್ ಹೊತ್ತಿಕೊಂಡು ಪರೀಕ್ಷೆ ಕೆಡದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿದಿರಬೇಕು. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬಾರದು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಂದೆರಡು ನಿಮಿಷ ಮೋಟಾರನ್ನು ತಣಿಯಲು ಬಿಡಬೇಕು.

24 ವೋಲ್ಟಿನ ಗಾಡಿಯಲ್ಲಿ ಎರಡು ಬ್ಯಾಟರಿಗಳನ್ನೂ ಬೇರೆಬೇರೆಯಾಗಿ ಅಳೆಯಿರಿ. ಒಂದು 12.6, ಇನ್ನೊಂದು 11.8 ತೋರಿಸಿದರೆ ಯಾರೋ ಟೇಪ್‌ರೆಕಾರ್ಡರಿಗೋ ಮೊಬೈಲ್ ಚಾರ್ಜರಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟಿನ ತಂತಿ ಎಳೆದಿರುವ ಸಂಭವ ಬಹಳ. ಹೀಗೆ ಮಾಡಿದಾಗ ಆ ಬ್ಯಾಟರಿ ಎಂದೂ ಪೂರ್ತಿ ಚಾರ್ಜ್ ಆಗುವುದಿಲ್ಲ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕುದಿದು ಕೆಡುತ್ತದೆ. ಒಂದು ತಂತಿಯಿಂದ ಎರಡು ಬ್ಯಾಟರಿ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದೇ ಇದಕ್ಕೆ ಪರಿಹಾರ.

ಹಂತ 3: ದಪ್ಪ ಕೇಬಲ್ ಮತ್ತು ಅರ್ತ್

ದೋಷಗಳಲ್ಲಿ ಬಹುಪಾಲು ಇಲ್ಲೇ ಸಿಗುತ್ತವೆ, ಆದ್ದರಿಂದ ನಿಧಾನವಾಗಿ ಮಾಡಿ. ಸೆಲ್ಫ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿನಲ್ಲಿ ಕೀಲಿನ ಮೇಲಿನ ತೆಳುವಾದ ತುಕ್ಕಿನ ಪದರವೂ ಒಂದೆರಡು ವೋಲ್ಟ್ ನುಂಗಿಬಿಡುತ್ತದೆ.

ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಸಹಾಯಕ ಸೆಲ್ಫ್ ಹೊಡೆಯುತ್ತಿರುವಾಗ ಕ್ರಮವಾಗಿ ಹೀಗೆ ಅಳೆಯಿರಿ. ಮೊದಲು ಬ್ಯಾಟರಿಯ ಸೀಸದ ಕಂಬದ ಮೇಲೆ ಒಂದು ತುದಿ, ಅದಕ್ಕೆ ಬಿಗಿದ ಟರ್ಮಿನಲ್ ಮೇಲೆ ಇನ್ನೊಂದು: ಬಹುತೇಕ ಸೊನ್ನೆ ಬರಬೇಕು, 0.1ಕ್ಕಿಂತ ಹೆಚ್ಚಾದರೆ ಬಿಚ್ಚಿ ಉಜ್ಜಿ. ಆಮೇಲೆ ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ: ಒಟ್ಟು ಇಳಿತ 0.5 ವೋಲ್ಟ್ ಮೀರಬಾರದು. ಕೊನೆಗೆ ಬ್ಯಾಟರಿಯ ನೆಗೆಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ಕಬ್ಬಿಣದ ಮೈಗೆ, ಬಣ್ಣವಿಲ್ಲದ ಜಾಗದಲ್ಲಿ: 0.3 ವೋಲ್ಟ್ ಒಳಗಿರಬೇಕು. ಹೆಚ್ಚು ಬಂದರೆ ದಾರಿಯನ್ನು ತುಂಡುತುಂಡಾಗಿ ಅಳೆಯುತ್ತಾ ಹೋಗಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ, ಎಂಜಿನ್ನಿನಿಂದ ಮೋಟಾರಿಗೆ ಅಳೆದಾಗ ಯಾವ ತುಂಡಿನಲ್ಲಿ ಅಂಕಿ ಜಿಗಿಯುತ್ತದೆಯೋ ದೋಷ ಆ ತುಂಡಿನಲ್ಲಿದೆ.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುವುದರಿಂದ ಅದನ್ನು ಚಾಸಿಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿ ಬಹಳ ಮುಖ್ಯ. ಗೇರ್‌ಬಾಕ್ಸ್ ಅಥವಾ ಕ್ಲಚ್ ಕೆಲಸಕ್ಕೆ ಇಳಿಸಿದವರು ಇದನ್ನು ಮರಳಿ ಬಿಗಿಯುವುದನ್ನು ಮರೆಯುವುದು ಸಾಮಾನ್ಯ. ಆಗ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್, ಸ್ಟಾಪ್ ಕೇಬಲ್ ಹೀಗೆ ಸಿಕ್ಕ ಲೋಹದ ದಾರಿಯಲ್ಲಿ ಹರಿಯುತ್ತದೆ. ಕ್ಲಚ್ ಕೆಲಸವಾದ ಮೇಲೆ ಸೆಲ್ಫ್ ನಿಧಾನವಾಯಿತು, ಸ್ಟಾಪ್ ಕೇಬಲ್ ಬಿಸಿಯಾಗುತ್ತಿದೆ ಎಂದರೆ ಬೇರೆಲ್ಲೂ ಹುಡುಕಬೇಡಿ, ಈ ಪಟ್ಟಿಯನ್ನು ನೋಡಿ. ಕ್ಯಾಬಿನ್ನಿಗೂ ಚಾಸಿಗೂ ನಡುವೆ ಪ್ರತ್ಯೇಕ ಅರ್ತ್ ತಂತಿ ಇರಬೇಕು. ಅದು ಸಡಿಲವಾದರೆ ಇಂಡಿಕೇಟರ್ ಹಾಕಿದಾಗ ಡ್ಯಾಷ್‌ಬೋರ್ಡಿನ ಬೇರೆ ದೀಪಗಳು ಮಿನುಗುವಂಥ ವಿಚಿತ್ರಗಳು ಕಾಣುತ್ತವೆ.

ಕಟ್-ಆಫ್ ಸ್ವಿಚ್ ಇದ್ದರೆ ಅದರ ಎರಡು ಬೋಲ್ಟುಗಳ ನಡುವಿನ ಇಳಿತವನ್ನೂ ಅಳೆಯಿರಿ. ಕರಾವಳಿಯಲ್ಲಿ ಮೀನು, ಉಪ್ಪು ಸಾಗಿಸುವ ಗಾಡಿಗಳಲ್ಲಿ ಇದರ ಒಳಸಂಪರ್ಕ ಹೊರಗೆ ಏನೂ ತೋರದೆ ತುಕ್ಕು ಹಿಡಿದಿರುತ್ತದೆ.

ಹಂತ 4: 30ರ ಲೈನ್

ಅನೇಕ ಗಾಡಿಗಳಲ್ಲಿ ಕೀಲಿಯ ಸ್ವಿಚ್ಚಿಗೆ ಬರುವ ಮೂಲ ತಂತಿ ಬ್ಯಾಟರಿಯಿಂದ ನೇರವಾಗಿ ಬರದೆ, ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನಿಂದ ಹೊರಡುತ್ತದೆ. ಆ ನಟ್ ಸಡಿಲವಾದರೆ ಓಡುವ ಗಾಡಿಯ ದೀಪ, ಹಾರ್ನ್, ವೈಪರ್ ಎಲ್ಲವೂ ಒಟ್ಟಿಗೆ ಹೋಗಿಬರುತ್ತವೆ. ಸ್ವಿಚ್ಚಿನ 30ಕ್ಕೂ ಒಳ್ಳೆಯ ಅರ್ತ್‌ಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು, ಹೆಡ್‌ಲೈಟ್ ಹಾಕಿ. ಬೆಳಕು ಮಂಕಾದರೆ ಮೂಲ ತಂತಿಯಲ್ಲಿ ತಡೆ ಇದೆ.

ಹಳೆಯ ಲಾರಿಗಳಲ್ಲಿ ಈ ತಂತಿಗೆ ಬಹುತೇಕ ಫ್ಯೂಸ್ ಇರುವುದಿಲ್ಲ ಎಂಬುದನ್ನು ನೆನಪಿಡಿ. ಇದು ಕ್ಯಾಬಿನ್ನಿನ ತಗಡಿನ ತೂತಿನ ಮೂಲಕ ಹಾಯುವ ಜಾಗದಲ್ಲಿ ರಬ್ಬರಿನ ಬಳೆ ಹರಿದಿದ್ದರೆ, ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊರೆಯುತ್ತದೆ. ತಗುಲಿದ ದಿನ ತಡೆಯಲು ಏನೂ ಇಲ್ಲದೆ ಇಡೀ ತಂತಿಗಳ ಕಟ್ಟು ಹೊತ್ತಿ ಉರಿಯುತ್ತದೆ. ದೋಷವಿರಲಿ ಬಿಡಲಿ, ಈ ರಬ್ಬರ್ ಬಳೆಯನ್ನು ನೋಡಿಯೇ ಮುಂದೆ ಹೋಗಿ.

ಹಂತ 5: ಕೀಲಿಯ ಸ್ವಿಚ್

ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಿಚ್ಚನ್ನು ಹೊರಗೆಳೆಯಿರಿ. ತಂತಿಗಳನ್ನು ಕೀಳುವ ಮೊದಲು ಫೋಟೊ ತೆಗೆದು, ಪ್ರತಿ ತಂತಿಗೂ ಸಂಖ್ಯೆ ಬರೆದ ಟೇಪ್ ಸುತ್ತಿ. ಮೀಟರನ್ನು ಓಮ್‌ಗೆ ಇಟ್ಟು 30-15 ಮತ್ತು 30-50ರ ನಡುವೆ ನೋಡಿ: ‘ಆನ್’ನಲ್ಲಿ ಮೊದಲನೆಯದು, ಸೆಲ್ಫ್ ಸ್ಥಾನದಲ್ಲಿ ಎರಡನೆಯದು ಸೊನ್ನೆಗೆ ಹತ್ತಿರವಿರಬೇಕು. ಕೀಲಿಯನ್ನು ಹಗುರವಾಗಿ ಅಲುಗಾಡಿಸಿದಾಗ ಅಂಕಿ ಓಡಾಡಿದರೆ ಒಳಗೆ ಸವೆದಿದೆ.

ಓಮ್ ಪರೀಕ್ಷೆ ಸರಿಯಾಗಿ ಬಂದಿತೆಂದು ಸ್ವಿಚ್ಚನ್ನು ಪೂರ್ತಿ ನಂಬಬೇಡಿ. ತಂತಿಗಳನ್ನು ಮರಳಿ ಸೇರಿಸಿ, ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆಯುವಾಗ 30 ಮತ್ತು 50ರ ನಡುವಿನ ವೋಲ್ಟೇಜ್ ಇಳಿತ ಅಳೆಯಿರಿ, 0.3ರೊಳಗೆ ಇದ್ದರೆ ಸರಿ. ಪ್ಲಾಸ್ಟಿಕ್ ಕಂದಾಗಿ ಕರಗಿದ ಗುರುತು ಕಂಡರೆ ಸ್ವಿಚ್ ಬದಲಾಯಿಸಬೇಕು, ಜೊತೆಗೆ ಅದು ಕರಗಲು ಕಾರಣವೇನೆಂದೂ ಹುಡುಕಬೇಕು. ಸಾಮಾನ್ಯವಾಗಿ ಏರ್‌ಹಾರ್ನ್, ಅಲಂಕಾರದ ದೀಪಸಾಲು, ಹೆಚ್ಚುವರಿ ಫ್ಯಾನ್, ಜಿಪಿಎಸ್ ಉಪಕರಣ ಇವನ್ನೆಲ್ಲ 15ರ ಲೈನಿಗೇ ಸಿಕ್ಕಿಸಿ, ಸ್ವಿಚ್ಚು ತಾಳಲಾರದಷ್ಟು ಹೊರೆ ಹೊರಿಸಿರುತ್ತಾರೆ. ಅವಕ್ಕೆ ಬೇರೆ ಫ್ಯೂಸ್, ಬೇರೆ ರಿಲೇ ಕೊಡದೆ ಹೊಸ ಸ್ವಿಚ್ ಹಾಕಿದರೆ ಅದೂ ಕರಗುತ್ತದೆ.

ಹಂತ 6: 50ರ ಲೈನ್ ಮತ್ತು ರಿಲೇ

ಸೊಲೆನಾಯ್ಡಿನ 50ರ ತಿರುಪಿಗೆ ಮೀಟರಿನ ಕೆಂಪು ತುದಿ, ಮೋಟಾರಿನ ಮೈಗೆ ಕಪ್ಪು ತುದಿ ಹಿಡಿದು ಸೆಲ್ಫ್ ಹೊಡೆಯಿಸಿ. ಅದೇ ಹೊತ್ತಿನ ಬ್ಯಾಟರಿ ವೋಲ್ಟೇಜಿಗಿಂತ 1.5 ವೋಲ್ಟಿಗೂ ಹೆಚ್ಚು ಕಡಿಮೆ ಬಂದರೆ ಸ್ವಿಚ್ಚಿನಿಂದ ಇಲ್ಲಿಯವರೆಗಿನ ತಂತಿ, ಸಾಕೆಟ್, ರಿಲೇಯಲ್ಲಿ ದೋಷವಿದೆ. ಬೆಳಿಗ್ಗೆ ತಣ್ಣಗಿರುವಾಗ ಸರಿಯಾಗಿ ಹೊಡೆದು, ಘಾಟಿ ಹತ್ತಿ ಬಂದು ಊಟಕ್ಕೆ ನಿಲ್ಲಿಸಿದ ಮೇಲೆ ಹೊಡೆಯದಿರುವ ಸೆಲ್ಫಿಗೆ ಬಹುಮಟ್ಟಿಗೆ ಇದೇ ಕಾರಣ: ಬಿಸಿಯಾದಾಗ ಸೊಲೆನಾಯ್ಡಿನ ಸುರುಳಿಯ ಪ್ರತಿರೋಧ ಏರುತ್ತದೆ, ಮೊದಲೇ ಕಡಿಮೆಯಿದ್ದ ವೋಲ್ಟೇಜ್ ಆಗ ಸಾಲದಾಗುತ್ತದೆ.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಡಬ್ಬಿ. ಅದರ 85 ಮತ್ತು 86 ಸುರುಳಿಯ ಕಾಲುಗಳು, 30 ಮತ್ತು 87 ದೊಡ್ಡ ಕರೆಂಟಿನ ಕಾಲುಗಳು. 12 ವೋಲ್ಟಿನ ರಿಲೇ ಸುರುಳಿ ಸುಮಾರು 70ರಿಂದ 100 ಓಮ್ ತೋರಿಸಿದರೆ, 24 ವೋಲ್ಟಿನದು ಸುಮಾರು 250ರಿಂದ 400 ಓಮ್ ತೋರಿಸುತ್ತದೆ. ಹೊರನೋಟಕ್ಕೆ ಎರಡೂ ಒಂದೇ ತರಹ ಇರುವುದರಿಂದ ಅಂಗಡಿಯಲ್ಲಿ ಅದಲುಬದಲಾಗುತ್ತವೆ. 12ರದನ್ನು 24ರ ಗಾಡಿಗೆ ಹಾಕಿದರೆ ಸುಡುತ್ತದೆ, 24ರದನ್ನು 12ರ ಗಾಡಿಗೆ ಹಾಕಿದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಮೇಲಿನ ಬರಹ ಓದಿ ಕೊಳ್ಳಿ.

50ಕ್ಕೆ ಪೂರ್ಣ ವೋಲ್ಟೇಜ್ ಬಂದು, ಮೂರನೆಯ ಹಂತದ ಅಳತೆಗಳೂ ಸರಿಯಿದ್ದು, ಮೋಟಾರ್ ತಿರುಗದಿದ್ದರೆ ಈಗ ಮಾತ್ರ ಮೋಟಾರನ್ನು ಇಳಿಸಿ ರಿಪೇರಿಗೆ ಕಳಿಸಬೇಕು.

ಹಂತ 7: 15ರ ಲೈನ್, ಸ್ಟಾಪ್ ಸೊಲೆನಾಯ್ಡ್ ಮತ್ತು ಹಾರುವ ಫ್ಯೂಸ್

ಸಾಲುಪಂಪಿನ ಬದಲು ರೋಟರಿ ಡೀಸೆಲ್ ಪಂಪ್ ಇರುವ ಗಾಡಿಗಳಲ್ಲಿ ಇಂಧನವನ್ನು ಬಿಡಲು ಅಥವಾ ತಡೆಯಲು ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಎಂಬ ಒಂದು ವಿದ್ಯುತ್ ಕವಾಟವಿರುತ್ತದೆ. 15ರ ಕರೆಂಟ್ ಇರುವವರೆಗೆ ಅದು ತೆರೆದಿರುತ್ತದೆ. ತಪ್ಪಿದ ಕ್ಷಣ ಎಂಜಿನ್ ನಿಲ್ಲುತ್ತದೆ. ಎಂಜಿನ್ ನಿಲ್ಲಿಸಿಕೊಂಡು, ಕೀಲಿಯನ್ನು ‘ಆನ್’-‘ಆಫ್’ ಮಾಡುತ್ತಾ ಪಂಪಿನ ಹತ್ತಿರ ಕಿವಿಗೊಟ್ಟರೆ ಪ್ರತಿ ಸಲವೂ ಸಣ್ಣ ‘ಟಕ್’ ಕೇಳಬೇಕು. ಕೇಳದಿದ್ದರೆ ಆ ತಂತಿಯ ತುದಿಯಲ್ಲಿ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ: ದೀಪ ಉರಿದರೆ ಕವಾಟ ಕೆಟ್ಟಿದೆ, ಉರಿಯದಿದ್ದರೆ ತಂತಿ ಅಥವಾ ಫ್ಯೂಸ್. ಘಾಟಿಯ ಇಳಿಜಾರಿನಲ್ಲಿ ಎಂಜಿನ್ ನಿಂತರೆ ಏರ್‌ಬ್ರೇಕಿನ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಆದ್ದರಿಂದ ಓಡುತ್ತಾ ನಿಲ್ಲುವ ದೋಷವಿರುವ ಗಾಡಿಯನ್ನು ಅದು ಸರಿಯಾಗುವವರೆಗೆ ಲೋಡ್ ಹಾಕಿ ಕಳಿಸಬೇಡಿ.

ಹಳೆಯ ಫ್ಯೂಸ್ ಪೆಟ್ಟಿಗೆಗಳಲ್ಲಿ ಪಿಂಗಾಣಿಯಂಥ ಸಣ್ಣ ಕಡ್ಡಿ ಫ್ಯೂಸುಗಳಿರುತ್ತವೆ: ಬಿಳಿ 8 ಆಂಪಿಯರ್, ಕೆಂಪು 16, ನೀಲಿ 25. ಸುಡದೆಯೂ ಇವು ಕೈಕೊಡುತ್ತವೆ, ಏಕೆಂದರೆ ಹಿಡಿದಿರುವ ತಗಡಿನ ಕಿವಿಗಳು ಸಡಿಲವಾಗಿ ಹಸಿರು ಕಿಲುಬು ಕಟ್ಟುತ್ತವೆ. ತೆಗೆದು ಉಜ್ಜಿ, ಕಿವಿಗಳನ್ನು ಬಿಗಿಮಾಡಿ. ಸುಟ್ಟ ಫ್ಯೂಸಿಗೆ ಸಿಗರೇಟಿನ ಪೊಟ್ಟಣದ ಬೇಗಡೆ ಸುತ್ತುವುದು, ತಾಮ್ರದ ತಂತಿ ಕಟ್ಟುವುದು ಲಾರಿಯನ್ನು ಬೆಂಕಿಗೆ ಒಡ್ಡುವ ಕೆಲಸ.

ಹೊಸ ಫ್ಯೂಸ್ ಹಾಕಿದೊಡನೆ ಹಾರಿದರೆ ಮತ್ತೆ ಮತ್ತೆ ಫ್ಯೂಸ್ ಸುಡಬೇಡಿ. ಫ್ಯೂಸಿನ ಜಾಗದ ಎರಡು ಕಿವಿಗಳಿಗೆ ಟೆಸ್ಟ್ ಲ್ಯಾಂಪಿನ ಎರಡು ತುದಿಗಳನ್ನು ಜೋಡಿಸಿ ಕೀಲಿ ‘ಆನ್’ ಮಾಡಿ. ತಂತಿ ಎಲ್ಲೋ ಬಾಡಿಗೆ ತಗುಲಿದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತದೆ, ಆದರೆ ಬಲ್ಬೇ ಕರೆಂಟನ್ನು ಮಿತಿಯಲ್ಲಿಡುವುದರಿಂದ ತಂತಿಗೆ ಅಪಾಯವಿಲ್ಲ. ಈಗ ಆ ಫ್ಯೂಸಿಗೆ ಸೇರಿದ ಸಾಮಾನುಗಳ ಸಾಕೆಟ್‌ಗಳನ್ನು ಒಂದೊಂದಾಗಿ ಕಳಚುತ್ತಾ ಬನ್ನಿ. ಯಾವುದನ್ನು ಕಳಚಿದಾಗ ಬಲ್ಬು ಆರುತ್ತದೆಯೋ ಅಥವಾ ತೀರಾ ಮಂಕಾಗುತ್ತದೆಯೋ ಷಾರ್ಟ್ ಆ ಕವಲಿನಲ್ಲಿದೆ. ಯಾವುದನ್ನು ಕಳಚಿದರೂ ಆರದಿದ್ದರೆ ತಂತಿಯನ್ನೇ ಹಿಡಿದು ಸ್ವಲ್ಪಸ್ವಲ್ಪವೇ ಅಲುಗಾಡಿಸುತ್ತಾ ಸಾಗಿ. ಚಾಸಿಯ ತೂತುಗಳು, ಸ್ಟಿಯರಿಂಗ್ ಕೊಳವೆಯ ಬುಡ, ಎತ್ತುವ ಕ್ಯಾಬಿನ್ನಿನ ಕೀಲು, ಸೈಲೆನ್ಸರ್ ಕೊಳವೆಯ ನೆರೆ, ಹಿಂದಿನ ದೀಪದ ಹಿಂಬದಿ ಈ ಜಾಗಗಳನ್ನು ಮೊದಲು ನೋಡಿ. ದವಸದ ಗೋದಾಮುಗಳಲ್ಲಿ ನಿಲ್ಲುವ ಲಾರಿಗಳಲ್ಲಿ ಇಲಿ ಕಡಿದಿರುವುದೂ ಅಪರೂಪವಲ್ಲ.

ಹಂತ 8: ಬಂದುಹೋಗುವ ದೋಷ

ಗ್ಯಾರೇಜಿಗೆ ಬಂದಾಗ ಸರಿಯಿದ್ದು ದಾರಿಯಲ್ಲಿ ಕಾಡುವ ದೋಷಕ್ಕೆ ತಾಳ್ಮೆಯೇ ಬೇಕು. ಯಾವಾಗ ಬರುತ್ತದೆ ಎಂದು ಡ್ರೈವರಿನಿಂದ ಬರೆಸಿಕೊಳ್ಳಿ: ಮಳೆಯಲ್ಲೋ, ಬಿಸಿಯಲ್ಲೋ, ಗುಂಡಿ ಹಾಯ್ದಾಗಲೋ, ನೀರಿನ ಪ್ರೆಷರ್‌ನಲ್ಲಿ ಗಾಡಿ ತೊಳೆಸಿದ ಮರುದಿನವೋ. ಗುಂಡಿಯಲ್ಲಿ ಬಂದರೆ ಸಡಿಲ ಕೀಲು, ಮಳೆಯಲ್ಲಿ ಬಂದರೆ ಸಾಕೆಟ್ ಒಳಗಿನ ಕಿಲುಬು. ಶಂಕೆಯಿರುವ ಲೈನಿಗೆ ಟೆಸ್ಟ್ ಲ್ಯಾಂಪ್ ಜೋಡಿಸಿಟ್ಟು, ಒಬ್ಬರು ಬಲ್ಬು ನೋಡುತ್ತಿರುವಾಗ ಇನ್ನೊಬ್ಬರು ತಂತಿಗಳ ಕಟ್ಟನ್ನು ಗೇಣುಗೇಣಾಗಿ ಬಾಗಿಸುತ್ತಾ ಹೋಗಬೇಕು. ಹೊದಿಕೆ ಸರಿಯಿದ್ದೂ ಒಳಗೆ ತಾಮ್ರ ಕಪ್ಪಾಗಿ ಪುಡಿಯಾದ ತಂತಿ ಬೆರಳಿಗೆ ಮೆತ್ತಗೆ ಸಿಗುತ್ತದೆ.

ಹಂತ 9: ದುರಸ್ತಿ

ಕೆಟ್ಟ ತಂತಿಯ ಜಾಗಕ್ಕೆ ಮೂಲ ತಂತಿಯಷ್ಟೇ ಅಥವಾ ಅದಕ್ಕಿಂತ ದಪ್ಪದ ತಂತಿ ಹಾಕಿ, ತೆಳುವಾದದ್ದು ಬೇಡ. ಮನೆಗೆ ಬಳಸುವ ಒಂಟಿ ಎಳೆಯ ಗಟ್ಟಿ ತಂತಿ ಲಾರಿಯ ಕಂಪನಕ್ಕೆ ಬೇಗ ತುಂಡಾಗುತ್ತದೆ; ಹಲವು ಎಳೆಗಳ ವಾಹನದ ತಂತಿಯೇ ಬೇಕು. ತಿರುಚಿ ಟೇಪ್ ಸುತ್ತಿದ ಕೀಲು ದುರಸ್ತಿಯಲ್ಲ, ಮುಂದಿನ ದೋಷದ ಬೀಜ. ಲಗ್ ಹಾಕಿ ಇಕ್ಕಳದಿಂದ ಒತ್ತಿ, ಕೈಯಿಂದ ಬಲವಾಗಿ ಎಳೆದು ಪರೀಕ್ಷಿಸಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಅರ್ತ್ ಬಿಗಿಯುವ ಜಾಗದಲ್ಲಿ ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ನಂತರ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಚಾಸಿಯ ಮೇಲೆ ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿಯನ್ನೂ ಆಲ್ಟರ್ನೇಟರಿನ ತಂತಿಗಳನ್ನೂ ಮೊದಲು ಬಿಚ್ಚಿಡಿ.

ಎಲ್ಲ ಮುಗಿದ ಮೇಲೆ ಎಂಜಿನ್ ಎಬ್ಬಿಸಿ ಬ್ಯಾಟರಿಯ ಮೇಲೆ ಅಳೆಯಿರಿ, 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. ಕೀಲಿ ‘ಆನ್’ ಮಾಡಿದಾಗ ಕೆಂಪು ಚಾರ್ಜಿಂಗ್ ದೀಪ ಉರಿಯಲೇಬೇಕು ಎಂಬುದನ್ನು ಡ್ರೈವರಿಗೆ ತಿಳಿಸಿ. ಅನೇಕ ಆಲ್ಟರ್ನೇಟರುಗಳು ಚಾರ್ಜ್ ಶುರುಮಾಡಲು ಬೇಕಾದ ಮೊದಲ ಕರೆಂಟನ್ನು ಆ ಬಲ್ಬಿನ ಮೂಲಕವೇ ಪಡೆಯುತ್ತವೆ. ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರ್ ಮಲಗಿಯೇ ಇರುತ್ತದೆ, ಬ್ಯಾಟರಿ ಎರಡು ದಿನದಲ್ಲಿ ಬರಿದಾಗುತ್ತದೆ, ಮತ್ತು ಸೆಲ್ಫ್ ವೈರಿಂಗ್ ಮರಳಿ ಕೆಟ್ಟಿತೆಂದು ಎಲ್ಲರೂ ತಪ್ಪು ತಿಳಿಯುತ್ತಾರೆ. ಕೊನೆಗೆ, ನೀವು ಬದಲಾಯಿಸಿದ ತಂತಿಗಳ ಬಣ್ಣ, ಸಂಖ್ಯೆ, ಹಾಯುವ ದಾರಿಯನ್ನು ಒಂದು ಕಾಗದದಲ್ಲಿ ಚಿತ್ರ ಬರೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ.